ಬಿಜೈ ಮನೆಯಲ್ಲಿ ಲ್ಯಾಪ್‌ಟಾಪ್ ತಣ್ಣಗಾದದ್ದು ಹೀಗೆ

ಏಪ್ರಿಲ್‌ನ ಮಂಗಳೂರಲ್ಲಿ ಏನು ಬಿಸಿಯಾದರೂ ನಾವು ಬೈಯುವುದು ಸೆಕೆಯನ್ನೇ, ಅಲ್ವಾ? ನನ್ನ ಲ್ಯಾಪ್‌ಟಾಪ್ ವಿಷಯದಲ್ಲೂ ಹಾಗೇ ಆಯಿತು. ಬಿಜೈ ಮನೆಯಲ್ಲಿ ಕೂತು ಮದುವೆ ಕಾಗದ, ಯಕ್ಷಗಾನದ ಕರಪತ್ರ ಡಿಸೈನ್ ಮಾಡುವುದು ನನ್ನ ಕೆಲಸ. ಒಂದು ಫೈಲನ್ನೂ ತೆರೆಯದೆ ಸುಮ್ನೆ ಇಟ್ಟರೂ ಎಡ ಅಂಗೈ ಕೆಳಗೆ ದೋಸೆ ಕಾವಲಿಯ ಬಿಸಿ. ಒಳಗಿನ ಫ್ಯಾನಿನ ಸದ್ದು ಸೀಲಿಂಗ್ ಫ್ಯಾನಿಗಿಂತ ಜಾಸ್ತಿ.

ಮೊದಲು ಹಂಪನಕಟ್ಟೆಯ ರಿಪೇರಿ ಅಂಗಡಿಗೆ ಕೊಂಡುಹೋದೆ. ಧೂಳು ತೆಗೆದು, ಪ್ರೊಸೆಸರಿನ ಬಿಸಿಯನ್ನು ಹೊರಗೆ ಸಾಗಿಸಲು ಹಚ್ಚುವ, ಒಣಗಿ ಪುಡಿಯಾಗಿದ್ದ ಥರ್ಮಲ್ ಪೇಸ್ಟ್ ಬದಲಿಸಿ ಕೊಟ್ಟರು. ಕೆಲಸ ಮಾಡುವಾಗಿನ ಬಿಸಿ ಇಳಿಯಿತು. ಸುಮ್ನೆ ಇಟ್ಟಾಗಿನ ಬಿಸಿ ಮಾತ್ರ ಹಾಗೇ ಇತ್ತು. ಅಲ್ಲೇ ನನಗೆ ಅನುಮಾನ ಬಂತು. ಕೆಲಸವೇ ಇಲ್ಲದಾಗ ಪ್ರೊಸೆಸರ್ ಯಾಕೆ ಓಡಬೇಕು?

ಮನೆಗೆ ಬಂದು, ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ತೆರೆದೆ. ಬಿಸಿ ಎಷ್ಟೆಂದು ಹೇಳುವ ಸೆನ್ಸರ್ಸ್ ಕಮಾಂಡ್ 63 ಡಿಗ್ರಿ ತೋರಿಸಿತು. ಯುನೇಮ್ ಕಮಾಂಡ್ ಕೊಟ್ಟರೆ ಕರ್ನಲ್ (ಹಾರ್ಡ್‌ವೇರನ್ನು ನಡೆಸುವ, ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) 5.15ನೇ ಆವೃತ್ತಿ. ನನ್ನ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ 21, ಪ್ರೊಸೆಸರ್ ಎಎಮ್‌ಡಿ ಕಂಪನಿಯ ರೈಜನ್ 5000 ಸರಣಿಯದ್ದು. ಹಳೆಯ ಕರ್ನಲ್ ಈ ಪ್ರೊಸೆಸರಿನ ವೇಗವನ್ನು ಎಸಿಪಿಐ ಎಂಬ ಸಾಮಾನ್ಯ ಡ್ರೈವರ್‌ನಿಂದ ನಡೆಸುತ್ತದೆ. ಅದಕ್ಕೆ ವೇಗದ ಮೂರೇ ಮೆಟ್ಟಿಲು ಗೊತ್ತು. ಎಎಮ್‌ಡಿಗೆಂದೇ ಬರೆದ ಪಿ-ಸ್ಟೇಟ್ ಡ್ರೈವರ್ 2022ರಲ್ಲಿ, 5.17ನೇ ಕರ್ನಲ್ ಜೊತೆ ಬಂತು. ಅದು ವೇಗವನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಏರಿಸಿ ಇಳಿಸುತ್ತದೆ. 6.5ರಿಂದ ಇಂಥ ಹಲವು ಲ್ಯಾಪ್‌ಟಾಪ್‌ಗಳಲ್ಲಿ ನಾವೇನೂ ಹೇಳದೆ ತಾನೇ ಚಾಲೂ ಆಗುತ್ತದೆ, ಲ್ಯಾಪ್‌ಟಾಪ್ ಆನ್ ಆಗುವಾಗ ಮೊದಲು ಓಡುವ ಬಯೋಸ್‌ನಲ್ಲಿ ಸಿಪಿಪಿಸಿ ಎಂಬ ವೇಗ ನಿಯಂತ್ರಣದ ಸೌಲಭ್ಯ ಇರಬೇಕು ಅಷ್ಟೇ.

ಬದಲಿಸುವುದು ಕಷ್ಟವೇನಲ್ಲ. ಮಿಂಟ್‌ನ ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್, ಅಂದರೆ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಸಿಸ್ಟಮ್ಮಿನ ಪ್ರತಿ, ತೆಗೆದಿಟ್ಟೆ. ಇದನ್ನು ಮಾತ್ರ ಯಾರೂ ಬಿಡಬೇಡಿ. ಆಮೇಲೆ ಅಪ್‌ಡೇಟ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ಲಿನಕ್ಸ್ ಕರ್ನಲ್ಸ್ ಒತ್ತಿ, 6.5 ಆರಿಸಿ ಇನ್‌ಸ್ಟಾಲ್ ಕೊಟ್ಟೆ. ಹಳೆಯ 5.15 ತೆಗೆಯಲಿಲ್ಲ. ಹೊಸದು ಕೈಕೊಟ್ಟರೆ, ಆನ್ ಮಾಡುವಾಗ ಬರುವ ಗ್ರಬ್ ಮೆನುವಿನಿಂದ ಹಳೆಯದಕ್ಕೇ ಹೋಗಬಹುದು. ರೀಸ್ಟಾರ್ಟ್ ಆದಾಗ ವೈಫೈ, ಸೌಂಡ್ ಎಲ್ಲ ಸರಿಯಿತ್ತು. ವೇಗ ನಡೆಸುವ ಸ್ಕೇಲಿಂಗ್ ಡ್ರೈವರ್ ಹೆಸರು ನೋಡಿದರೆ ಎಎಮ್‌ಡಿ-ಪಿಸ್ಟೇಟ್-ಇಪಿಪಿ ಎಂದಿತ್ತು. ಎಷ್ಟು ಖುಷಿಯಾಯಿತೆಂದರೆ ಅಡುಗೆಮನೆಯಲ್ಲಿದ್ದ ಅಮ್ಮನನ್ನು ಕರೆದು ತೋರಿಸಿದೆ.

ಅದೇ ಕೋಣೆ, ಅದೇ ಮಧ್ಯಾಹ್ನದ ಹೊತ್ತು, ಅರ್ಧ ಗಂಟೆ ಸುಮ್ನೆ ಇಟ್ಟು ಮತ್ತೆ ಅಳೆದೆ. 48 ಡಿಗ್ರಿ. ಫ್ಯಾನ್ ನಿಂತೇ ಹೋಗಿತ್ತು. ಹೊರಗೆ ಮೀನಿನವರ ಹಾರ್ನ್ ಕೇಳಿಸಿತು.

ಉಡುಪಿಯ ಭಾವನ ಲ್ಯಾಪ್‌ಟಾಪಿನಲ್ಲೂ ಕರ್ನಲ್ ಬದಲಿಸಿ ನೋಡಿದೆವು. ಅದು ಇಂಟೆಲ್, ಹಳೆಯ ಮಾಡೆಲ್. ಒಂದು ಡಿಗ್ರಿಯೂ ಇಳಿಯಲಿಲ್ಲ. ಹಿಂದಿನ ಮುಚ್ಚಳ ಬಿಚ್ಚಿದರೆ ಗಾಳಿ ಹೋಗುವ ಸಂದಿಯ ತುಂಬ ಹತ್ತಿಯ ಹಾಗೆ ಧೂಳು. ಬ್ರಷ್ ಹಿಡಿದು ಅದನ್ನು ತೆಗೆದ ಮೇಲೆಯೇ ಅವರದ್ದು ತಣ್ಣಗಾಯಿತು.