ಶುಗರ್ ಇದ್ದ ಬೆಳ್ಳಿಗೆ ನಡುಕ, ಫಿಟ್ಸ್ ನಿಂತದ್ದು ಹೇಗೆ: ನನ್ನ ಅನುಭವ

ನಮ್ಮ ನಾಯಿ ಬೆಳ್ಳಿಗೆ ಈಗ ಒಂದೂವರೆ ವರ್ಷದಿಂದ ಫಿಟ್ಸ್ ಬಂದಿಲ್ಲ. ನಡುಕವೂ ಇಲ್ಲ, ಫಿಟ್ಸ್ ತಡೆಯಲು ಕೊಡುವ ಗಾರ್ಡಿನಾಲ್ ಮಾತ್ರೆಯೂ ಇಲ್ಲ. "ಇದು ಮೆದುಳಿನದ್ದು, ವಾಸಿ ಆಗಲ್ಲ" ಅಂದವರು ಶಿವಮೊಗ್ಗದಲ್ಲೂ ಇದ್ದರು, ಬೆಂಗಳೂರಿನಲ್ಲೂ ಇದ್ದರು. ನಾನು ಹಿಡಿದ ದಾರಿಯೇ ಸರಿ ಅಂತ ಈಗ ಧೈರ್ಯವಾಗಿ ಹೇಳಬಲ್ಲೆ. ಶುಗರ್ ನಾಯಿ ಸಾಕುವವರಿಗೆ ಇಂಜೆಕ್ಷನ್ ಹಾಕುವುದನ್ನು ಹೇಳಿಕೊಡಬೇಕಾಗಿಲ್ಲ, ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಬೆಳ್ಳಿ ಬಿಳಿ ಪೊಮೇರಿಯನ್. ಹೆಣ್ಣು, ಮರಿ ಆಗದ ಹಾಗೆ ಮಾಡಿಸುವ ಆಪರೇಷನ್ ಆಗಿರಲಿಲ್ಲ. ಶುಗರ್ ಗೊತ್ತಾದಾಗ ಒಂಬತ್ತು ವರ್ಷ, ತೂಕ ಹನ್ನೊಂದು ಕೆಜಿ ಇರಬಹುದು. ಎನ್‌ಪಿಎಚ್ ಇನ್ಸುಲಿನ್, 40ರ ವಯಲ್ (ಒಂದು ಮಿಲಿಗೆ 40 ಯೂನಿಟ್), ಕೆಂಪು ಮುಚ್ಚಳದ ಸಿರಿಂಜು. ಬೆಳಿಗ್ಗೆ ಏಳಕ್ಕೆ, ರಾತ್ರಿ ಏಳಕ್ಕೆ, ಊಟ ಆದಮೇಲೆ 5 ಯೂನಿಟ್. ಮೊದಲ ಕೆಲವು ತಿಂಗಳು ಏನೂ ತೊಂದರೆ ಇರಲಿಲ್ಲ.

ಆಮೇಲೆ ನಡುಕ ಶುರುವಾಯಿತು. ಮೊದಲು ಪಕ್ಕೆಯ ಚರ್ಮ ಅದುರುತ್ತಿತ್ತು, ನೊಣ ಕೂತರೆ ಹಸು ಚರ್ಮ ಅದುರಿಸುತ್ತದಲ್ಲ, ಹಾಗೆ. ಆಮೇಲೆ ಹಿಂಗಾಲು ನಡುಗುವುದು. ಕಣ್ಣು ಒಂದೇ ಕಡೆ ನೆಟ್ಟುಹೋಗಿ, ಫ್ರಿಜ್ಜಿನ ಮೂಲೆಗೆ ಹೋಗಿ ತಲೆ ಒತ್ತಿ ನಿಲ್ಲುತ್ತಿದ್ದಳು. ಕೆಲವು ಸಲ ಅಲ್ಲಿಗೆ ಮುಗಿಯುತ್ತಿತ್ತು. ಕೆಲವು ಸಲ ಧೊಪ್ಪನೆ ಬಿದ್ದು ನಾಲ್ಕೂ ಕಾಲು ಈಜಿದ ಹಾಗೆ ಆಡಿಸಿ, ಅಲ್ಲೇ ಉಚ್ಚೆ ಮಾಡಿಕೊಳ್ಳುತ್ತಿದ್ದಳು. ಒಂದೆರಡು ನಿಮಿಷ ಅಷ್ಟೇ. ಎದ್ದ ಮೇಲೆ ಸಿಕ್ಕಿದ್ದನ್ನೆಲ್ಲ ತಿನ್ನುವಷ್ಟು ಹಸಿವು.

ಇದಕ್ಕೆ ಸುರಿದ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೊದಲು ಉಣ್ಣೆ ಜ್ವರ ಅಂದರು, ಒಂದು ತಿಂಗಳು ಡಾಕ್ಸಿಸೈಕ್ಲಿನ್. ಆಮೇಲೆ ಕ್ಯಾಲ್ಸಿಯಂ ಕಡಿಮೆ ಅಂದರು, ಡ್ರಿಪ್ ಹಾಕಿದರು. ದೀಪಾವಳಿ ಹೊತ್ತಿಗೆ ಜಾಸ್ತಿ ಆದಾಗ ಪಟಾಕಿ ಶಬ್ದಕ್ಕೆ ಅಂದರು. ಕೊನೆಗೆ ಅಪಸ್ಮಾರ ಅಂತ ತೀರ್ಮಾನ ಮಾಡಿ ಗಾರ್ಡಿನಾಲ್ ಬರೆದುಕೊಟ್ಟರು. ಬೆಂಗಳೂರಿಗೆ ಕರೆದುಕೊಂಡು ಹೋದರೆ ಎಂಆರ್‌ಐ ಮಾಡಿಸಿ, ಇಪ್ಪತ್ತು ಸಾವಿರದ ಮೇಲಾಗುತ್ತದೆ ಅಂದರು. ನಾನು ಮಾಡಿಸಲಿಲ್ಲ. ಅದಕ್ಕೆ ಮೊದಲೇ ರಕ್ತ ಪರೀಕ್ಷೆ, ಕಾರು, ಔಷಧಿ ಅಂತ ಮೂವತ್ತೈದು-ನಲವತ್ತು ಸಾವಿರ ಹೋಗಿತ್ತು.

ಗಾರ್ಡಿನಾಲ್ ಕೊಟ್ಟ ಮೇಲೆ ಇನ್ನೊಂದು ಫಜೀತಿ. ಆ ಮಾತ್ರೆಗೆ ನಾಯಿಗೆ ಹಸಿವು ಜಾಸ್ತಿ ಆಗುತ್ತದೆ, ನೀರು ಜಾಸ್ತಿ ಕುಡಿಯುತ್ತದೆ. ಶುಗರ್ ಏರಿದರೂ ಅದೇ ಲಕ್ಷಣ. ಯಾವುದು ಯಾವುದರಿಂದ ಅಂತ ಹೇಗೆ ಹೇಳುವುದು? ನೀರು ಜಾಸ್ತಿ ಕುಡಿಯುತ್ತಾಳೆ ಅಂದ ಕೂಡಲೇ ಇನ್ಸುಲಿನ್ ಏರಿಸಿದರು. ಕ್ಲಿನಿಕ್ ತೆರೆಯುತ್ತಿದ್ದದ್ದು ಸಂಜೆ. ಆರು ಗಂಟೆಗೆ, ಬೆಳಗಿನ ಇಂಜೆಕ್ಷನ್ ಪೂರ್ತಿ ಇಳಿದ ಹೊತ್ತಿಗೆ ಶುಗರ್ ನೋಡುವುದು. ಅದು 380, 400 ತೋರಿಸುವುದು. 5 ಇದ್ದದ್ದು 7 ಆಯಿತು, 8 ಆಯಿತು, 10 ಆಯಿತು.

ನನಗೆ ಅನುಮಾನ ಬಂದದ್ದು ನಡುಕದ ಹೊತ್ತಿನ ಮೇಲೆ. ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ, ಇಲ್ಲವೇ ನಡುರಾತ್ರಿ. ಇಂಜೆಕ್ಷನ್ ಆಗಿ ಐದಾರು ಗಂಟೆ. ಮೆದುಳಿನ ಕಾಯಿಲೆಗೆ ಗಡಿಯಾರ ಯಾರು ಕಟ್ಟಿದರು?

ನಮ್ಮೆಜಮಾನರ ಗ್ಲುಕೋಮೀಟರ್ ಮನೆಯಲ್ಲೇ ಇತ್ತು. ಬೆಳ್ಳಿ ಫ್ರಿಜ್ಜಿನ ಮೂಲೆ ಹಿಡಿದ ಕೂಡಲೇ ಕಿವಿ ಚುಚ್ಚಿ ನೋಡಿದೆ. 43. ಒಸಡಿಗೆ ಜೇನುತುಪ್ಪ ಸವರಿದೆ. ಹತ್ತು ನಿಮಿಷಕ್ಕೆ ನಡುಕ ನಿಂತಿತು. ಮತ್ತೆ ನೋಡಿದರೆ 90ರ ಹತ್ತಿರ. ಅವತ್ತೇ ಸಂಜೆ 390! ಇಷ್ಟು ದಿನ ಕ್ಲಿನಿಕ್‌ನಲ್ಲಿ ನೋಡುತ್ತಿದ್ದದ್ದು ಈ 390 ಮಾತ್ರ.

ಡಾಕ್ಟ್ರು ಒಪ್ಪಲಿಲ್ಲ. "ಅದು ಮನುಷ್ಯರ ಮೀಟರ್ ಮೇಡಂ, ನಾಯಿ ರಕ್ತಕ್ಕೆ ಕಡಿಮೆಯೇ ತೋರಿಸುತ್ತೆ" ಅಂದರು. ಮಾತು ಸುಳ್ಳಲ್ಲ. ಲ್ಯಾಬಿಗೆ ಕೊಟ್ಟ ರಕ್ತದ ಜೊತೆಗೇ ಹೋಲಿಸಿ ನೋಡಿದೆ, ಹತ್ತಿಪ್ಪತ್ತು ಕಡಿಮೆ ತೋರಿಸುತ್ತಿತ್ತು. ಇರಲಿ, 43 ಅನ್ನು 60 ಅಂತಲೇ ಇಟ್ಟುಕೊಳ್ಳೋಣ. 60ಕ್ಕೆ ಇಳಿಯುವ ನಾಯಿಗೆ 10 ಯೂನಿಟ್ ಹಾಕುತ್ತಾರಾ? ನಡುಕ ಇದ್ದಾಗ ಶುಗರ್ ಕಡಿಮೆ, ಸಿಹಿ ಕೊಟ್ಟರೆ ನಡುಕ ಮಾಯ. ಮನುಷ್ಯರಲ್ಲೂ ವೈದ್ಯರು ಗುರುತು ಹಿಡಿಯುವುದು ಹೀಗೇ ಅಲ್ವಾ?

ಆಮೇಲೆ ಬಿಡಲಿಲ್ಲ. ಭಾನುವಾರ ಭಾನುವಾರ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಎರಡೆರಡು ಗಂಟೆಗೆ ಒಮ್ಮೆ ಚುಚ್ಚಿ ಬರೆದಿಟ್ಟೆ. ಕಿವಿಯ ಹಿಂದೆ ಟಾರ್ಚ್ ಹಿಡಿದರೆ ಅಂಚಿನ ನರ ಕೆಂಪಗೆ ಎದ್ದು ಕಾಣುತ್ತದೆ. ಬಿಸಿನೀರಲ್ಲಿ ಹಿಂಡಿದ ಬಟ್ಟೆ ಒಂದು ನಿಮಿಷ ಒತ್ತಿ, ಚೂರೇ ಚೂರು ವ್ಯಾಸಲೀನ್ ಸವರಿ, ನರದ ಪಕ್ಕಕ್ಕೆ ಚುಚ್ಚಬೇಕು. ವ್ಯಾಸಲೀನ್ ಇದ್ದರೆ ರಕ್ತ ಕೂದಲಿಗೆ ಹರಡದೆ ಮಣಿಯ ಹಾಗೆ ನಿಲ್ಲುತ್ತದೆ. ಇಲ್ಲದಿದ್ದರೆ ಸ್ಟ್ರಿಪ್ ದಂಡ. ಒಂದು ಸ್ಟ್ರಿಪ್‌ಗೆ ನನಗೆ ಇಪ್ಪತ್ತು ರೂಪಾಯಿ ಮೇಲೆ ಬೀಳುತ್ತಿತ್ತು, ನೆನಪಿರಲಿ. ಬೆಳ್ಳಿಯನ್ನು ಯಾರೂ ಹಿಡಿಯದೆ ಅಲ್ಲಾಡದ ಹಾಗೆ ಕೂರಿಸಲು ನನ್ನದೊಂದು ಉಪಾಯ ಇದೆ. ಅದು ಬರೆದು ತಿಳಿಸುವಂಥದ್ದಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಈ ಚಾರ್ಟ್ ಮುಂದಿಟ್ಟ ಮೇಲೆ ಡಾಕ್ಟ್ರು ಡೋಸ್ 6ಕ್ಕೆ ಇಳಿಸಿದರು. ನಡುಕ ನಿಂತಿತು. ಗಾರ್ಡಿನಾಲ್ ಅನ್ನು ನಿಧಾನವಾಗಿ ಇಳಿಸುತ್ತಾ ಬಂದೆವು (ಒಂದೇ ಸಲ ನಿಲ್ಲಿಸಬೇಡಿ, ಅದರಿಂದಲೇ ಫಿಟ್ಸ್ ಬರುತ್ತದೆ). ಗೆದ್ದೆ ಅಂದುಕೊಂಡೆ.

ಆದರೆ ಫೆಬ್ರವರಿಯಲ್ಲಿ ಅದೇ 6 ಯೂನಿಟ್‌ಗೆ ಶುಗರ್ 450. ದಿನವಿಡೀ ಯಾವ ಹೊತ್ತಲ್ಲಿ ನೋಡಿದರೂ 300ರ ಕೆಳಗೆ ಇಳಿಯಲಿಲ್ಲ. ಈ ಸಲ ಚಾರ್ಟ್ ನೋಡಿಯೇ 9ಕ್ಕೆ ಏರಿಸಿದೆವು. ಸರಿಹೋಯಿತು. ಯುಗಾದಿ ಹೊತ್ತಿಗೆ ಮತ್ತೆ ಫಿಟ್ಸ್. "ನೋಡಿ, ನಾವು ಹೇಳಿರಲಿಲ್ವಾ" ಅಂದವರು ಎಷ್ಟು ಜನ!

ಯುಗಾದಿಗೆ ಯಾರು ಪಟಾಕಿ ಹೊಡೆಯುತ್ತಾರೆ? ಗೋಡೆಯ ಕ್ಯಾಲೆಂಡರ್ ತೆಗೆದುಕೊಂಡು ಕೂತೆ. ಬೆಳ್ಳಿ ಬೆದೆಗೆ ಬಂದ ದಿನವನ್ನು ಅದರಲ್ಲಿ ಗುರುತು ಹಾಕುವ ಅಭ್ಯಾಸ ನನಗೆ ಮೊದಲಿಂದ ಇದೆ, ಬೀದಿಯ ಗಂಡುನಾಯಿಗಳ ಕಾಟಕ್ಕೆ. ಶ್ರಾವಣದಲ್ಲಿ ಬೆದೆ, ದೀಪಾವಳಿಗೆ ಫಿಟ್ಸ್. ಸಂಕ್ರಾಂತಿ ಆದಮೇಲೆ ಬೆದೆ, ಯುಗಾದಿಗೆ ಫಿಟ್ಸ್. ಎರಡೂ ಸಲ ಹೆಚ್ಚುಕಮ್ಮಿ ಎರಡೂವರೆ ತಿಂಗಳ ಅಂತರ.

ಬೆದೆ ಮುಗಿದ ಮೇಲೆ ಹೆಣ್ಣುನಾಯಿಗೆ ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಏರಿರುತ್ತದೆ, ಬಸಿರಾಗಲಿ ಬಿಡಲಿ. ಅದು ಇರುವಷ್ಟು ದಿನ ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ. ನಾವು ಡೋಸ್ ಏರಿಸುತ್ತೇವೆ. ಹಾರ್ಮೋನ್ ಇಳಿಯುತ್ತದೆ, ಡೋಸ್ ಮಾತ್ರ ಹಾಗೇ ಉಳಿಯುತ್ತದೆ. ಆಗ ಶುಗರ್ ಧಡಕ್ಕನೆ ಕೆಳಗೆ ಬೀಳುತ್ತದೆ. ಆರು ತಿಂಗಳಿಗೊಮ್ಮೆ ಇದೇ ಕಥೆ.

ಹಾಗಾದರೆ ಗರ್ಭಕೋಶ, ಅಂಡಾಶಯ ತೆಗೆಸಬೇಕು. ಇದಕ್ಕೂ ಬೇಡ ಅಂದವರೇ ಜಾಸ್ತಿ. ಹತ್ತು ವರ್ಷದ ನಾಯಿ, ಶುಗರ್ ಬೇರೆ, ಅರಿವಳಿಕೆ ಕೊಟ್ಟರೆ ಏಳುವುದಿಲ್ಲ ಅಂದರು. ಕೇಳಿದ ಕಡೆಯೆಲ್ಲ ಕೈ ಆಡಿಸಿಬಿಟ್ಟರು. ಕೊನೆಗೆ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟ್ರು ನನ್ನ ನೋಟ್‌ಬುಕ್ ಪೂರ್ತಿ ಓದಿ, "ಇದನ್ನು ಮಾಡಲೇಬೇಕು ಮೇಡಂ, ತಡ ಮಾಡಬೇಡಿ" ಅಂದರು. ಅವತ್ತು ಬೆಳಿಗ್ಗೆ ಊಟ ಇಲ್ಲ, ಇನ್ಸುಲಿನ್ ಅರ್ಧ. ಆಪರೇಷನ್ ಮುಗಿಯುವವರೆಗೂ ಆಗಾಗ ಶುಗರ್ ನೋಡುತ್ತಿದ್ದರು, ಡ್ರಿಪ್‌ಗೆ ಗ್ಲುಕೋಸ್ ಸಿದ್ಧವಾಗಿತ್ತು. ಒಟ್ಟು ಖರ್ಚು ಹದಿನೈದು ಸಾವಿರ ಚಿಲ್ಲರೆ. ಎಂಆರ್‌ಐಗಿಂತ ಕಡಿಮೆಯೇ.

ಆಪರೇಷನ್ ಆದಮೇಲಿನ ವಾರಗಳೇ ಜೋಪಾನ. ಇನ್ಸುಲಿನ್ ಬೇಕಾಗುವುದು ಬೇಗ ಬೇಗ ಇಳಿಯುತ್ತದೆ. ದಿನಾ ಮಧ್ಯಾಹ್ನ ಒಂದು ಸಲ ಚುಚ್ಚಿ ನೋಡುತ್ತಿದ್ದೆ. 9ರಿಂದ ಮತ್ತೆ 6ಕ್ಕೆ ಇಳಿಸಿದ್ದ ಡೋಸ್ 5 ಆಗಿ, 4ಕ್ಕೆ ಬಂದು ನಿಂತಿತು. ಈಗಲೂ 4. ದಿನದ ಅತಿ ಕಡಿಮೆ 100ರ ಆಚೀಚೆ, ಇಂಜೆಕ್ಷನ್‌ಗೆ ಮುಂಚೆ 220ರ ಸುತ್ತಮುತ್ತ. ಇಷ್ಟು ನೆಟ್ಟಗಿರುವ ಚಾರ್ಟ್ ಡಾಕ್ಟ್ರೇ ಫೋಟೋ ತೆಗೆದಿಟ್ಟುಕೊಂಡಿದ್ದಾರೆ.

ಮಧ್ಯೆ ಸುಮ್ನೆ ಕೂರಲಿಲ್ಲ. ಮೆಂತ್ಯ ನೆನೆಸಿದ ನೀರು ಕೊಟ್ಟು ನೋಡಿದೆ, ಚಾರ್ಟ್‌ನಲ್ಲಿ ಏನೂ ವ್ಯತ್ಯಾಸ ಇಲ್ಲ. ಹಾಗಲಕಾಯಿ ರಸ ಬಾಯಿಗೇ ಹಾಕಿಸಿಕೊಳ್ಳಲಿಲ್ಲ. ಅನ್ನದ ಬದಲು ರಾಗಿ ಗಂಜಿಗೆ ಕೋಳಿ ಬೇಯಿಸಿ ಕೊಟ್ಟಾಗ ಊಟ ಆದಮೇಲೆ ಏರುವುದು ಸ್ವಲ್ಪ ಕಡಿಮೆ ಅನ್ನಿಸಿತು, ಅದನ್ನೇ ಮುಂದುವರಿಸಿದ್ದೇನೆ. ಅಳತೆ ಮಾತ್ರ ದಿನಾ ಒಂದೇ. ಚುಚ್ಚದೆಯೇ ಶುಗರ್ ತೋರಿಸುವ, ಹದಿನಾಲ್ಕು ದಿನ ಬರುವ ಸೆನ್ಸರ್ ಕೂಡ ಮೈಗೆ ಅಂಟಿಸಿದೆ, ನಾಲ್ಕೈದು ಸಾವಿರ. ಪೊಮೇರಿಯನ್ ಕೂದಲು ಬೋಳಿಸಿದರೂ ಒಂದು ವಾರದೊಳಗೆ ಉಜ್ಜಿ ಕಿತ್ತುಹಾಕಿದಳು. ಆದರೆ ಆ ಕೆಲವು ರಾತ್ರಿಗಳ ಲೆಕ್ಕ ಸಿಕ್ಕಿತಲ್ಲ, ದುಡ್ಡಿಗೆ ಮೋಸ ಇಲ್ಲ.

ಎರಡು ವಿಷಯ ಹೇಳಲೇಬೇಕು. ಫಿಟ್ಸ್ ಬಂದಾಗ ಬಾಯಿಗೆ ನೀರು, ಹಾಲು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಜೇನು ಅಥವಾ ಗ್ಲುಕೋಸ್ ಪುಡಿಯ ಪಾಕವನ್ನು ಒಸಡಿಗೆ ಸವರಿ, ಬೆರಳು ಜೋಪಾನ. ಎಚ್ಚರ ಆದಮೇಲೆ ಊಟ ಕೊಟ್ಟು ಡಾಕ್ಟ್ರಿಗೆ ಫೋನ್ ಮಾಡಿ. ಇನ್ನೊಂದು, ಶುಗರ್ ನಾಯಿ ಅಂತ ಮನುಷ್ಯರ ಶುಗರ್‌ಫ್ರೀ ತಿಂಡಿ ಕೊಡುವವರಿದ್ದಾರೆ. ಅದರಲ್ಲಿ ಸಕ್ಕರೆ ಬದಲು ಹಾಕುವ ಝೈಲಿಟಾಲ್ ಇದ್ದರೆ ನಾಯಿಗೆ ವಿಷ, ಶುಗರ್ ಪಾತಾಳಕ್ಕೆ ಇಳಿಯುತ್ತದೆ. ಚ್ಯೂಯಿಂಗ್ ಗಮ್ ಅಂತೂ ಮನೆಯಲ್ಲೇ ಇಡಬೇಡಿ.

ಈಗ ತಿಂಗಳಿಗೆ ಇನ್ಸುಲಿನ್, ಸಿರಿಂಜು, ಸ್ಟ್ರಿಪ್ ಎಲ್ಲ ಸೇರಿ ಸಾವಿರದ ಐನೂರು ದಾಟುವುದಿಲ್ಲ. ಕಣ್ಣಿಗೆ ಪೊರೆ ಬಂದಿದೆ, ಅದು ಶುಗರ್ ನಾಯಿಗಳಲ್ಲಿ ಹೆಚ್ಚಿನವಕ್ಕೆ ಬರುತ್ತದೆ. ಮನೆಯೊಳಗೆ ಆರಾಮಾಗಿ ಓಡಾಡುತ್ತಾಳೆ. ಹೋದ ತಿಂಗಳು ಸಾಗರದಿಂದ ಒಬ್ಬರು ತಮ್ಮ ಪಗ್ ಕರೆತಂದಿದ್ದರು. ಶುಗರ್, ನಡುಕ, ಹೆಣ್ಣು, ಆಪರೇಷನ್ ಆಗಿಲ್ಲ. ಆಗಲೇ ಗಾರ್ಡಿನಾಲ್ ಶುರುವಾಗಿದೆ. ಅವರಿಗೂ ಮೀಟರ್ ಕೊಡಿಸಿ, ಬೆದೆಯ ತಾರೀಕು ಕೇಳಿ ಬರೆದುಕೊಂಡಿದ್ದೇನೆ. ಈ ಭಾನುವಾರ ಮೊದಲ ಚಾರ್ಟ್.