ಸೆಂಚುರಿಯನ್ ಆಗಬೇಕಾ? ಮೊದಲು ಒಂದು ಸಮಾಧಿ ಕಲ್ಲು ಆರಿಸಿಕೊಳ್ಳಿ

ಸೆಂಚುರಿಯನ್ ಅಂದರೆ ಸೈನಿಕರ ಒಂದು ತುಕಡಿಯ ಮುಖ್ಯಸ್ಥನಾದ ರೋಮನ್ ಸೇನಾಧಿಕಾರಿ. ಅವನ ವೇಷ ಕಟ್ಟಿ ವೇದಿಕೆಗೆ ಹೋಗಬೇಕು ಅಂದ ತಕ್ಷಣ ಕಣ್ಣ ಮುಂದೆ ಬರುವುದು ಸಿನಿಮಾದವನೇ. ಎದೆಗೆ ಹೊಳೆಯುವ ಕವಚ, ಬೆನ್ನಿಗೆ ಕೆಂಪು ಹೊದಿಕೆ, ಮುಂಗೈಗೆ ಚರ್ಮದ ಪಟ್ಟಿ. ಆ ಚರ್ಮದ ಪಟ್ಟಿಯನ್ನು ಈಗಲೇ ತೆಗೆದಿಡಿ. ಅದು ಸಿನಿಮಾ ಟೈಲರ್‌ಗಳ ಕೊಡುಗೆ.

ರೋಮ್ ನೂರಾರು ವರ್ಷ ಆಳಿತು. ಒಂದು ಶತಮಾನದ ಹೆಲ್ಮೆಟ್ಟು, ಇನ್ನೊಂದರ ಕತ್ತಿ ಸೇರಿಸಿದರೆ ಅದು ಛದ್ಮವೇಷ ಅಷ್ಟೇ. ಹಾಗಾಗಿ ಒಬ್ಬನೇ ಒಬ್ಬ ನಿಜವಾದ ಮನುಷ್ಯನನ್ನು ಹಿಡಿದುಕೊಳ್ಳಿ. ನನ್ನ ಆಯ್ಕೆ ಮಾರ್ಕಸ್ ಫವೋನಿಯಸ್ ಫಾಕಿಲಿಸ್. ಕ್ರಿ.ಶ. 43ರಲ್ಲಿ ಬ್ರಿಟನ್‌ಗೆ ದಂಡೆತ್ತಿ ಹೋದ 20ನೇ ಲೀಜನ್‌ನ (ರೋಮನ್ ಸೇನೆಯ ದೊಡ್ಡ ದಳ) ಸೆಂಚುರಿಯನ್. ಅವನ ಸಮಾಧಿ ಕಲ್ಲು 1868ರಲ್ಲಿ ಇಂಗ್ಲೆಂಡಿನ ಕಾಲ್ಚೆಸ್ಟರ್‌ನಲ್ಲಿ ಸಿಕ್ಕಿತು. ಅದನ್ನು ನಿಲ್ಲಿಸಿದವರು ವೆರೆಕುಂಡಸ್, ನೊವಿಕಿಯಸ್ ಎಂಬ ಇಬ್ಬರು. ಒಂದು ಕಾಲಕ್ಕೆ ಅವನ ಗುಲಾಮರು, ಆಮೇಲೆ ಅವನೇ ಬಿಡುಗಡೆ ಮಾಡಿದವರು. ಕಲ್ಲಿನಲ್ಲಿ ಅವನು ಅಡಿಯಿಂದ ಮುಡಿಯವರೆಗೆ ನಿಂತಿದ್ದಾನೆ. ನಮಗೆ ಬೇಕಾದದ್ದೂ ಅದೇ ಅಲ್ವಾ?

ಅಂಗಿ. ಉಣ್ಣೆ ಬಟ್ಟೆಯ ಎರಡು ಚೌಕ ತುಂಡು ಸಾಕು. ಕತ್ತು ತೂರುವಷ್ಟು ಬಿಟ್ಟು ಮೇಲಂಚು ಹೊಲಿಯಿರಿ, ತೋಳಿಗೆ ಜಾಗ ಬಿಟ್ಟು ಪಕ್ಕ ಹೊಲಿಯಿರಿ. ಉದ್ದ ಜಾಸ್ತಿ ಅನ್ನಿಸಿದರೂ ಕತ್ತರಿಸಬೇಡಿ. ಸೊಂಟಕ್ಕೆ ಪಟ್ಟಿ ಕಟ್ಟಿ, ಮೊಣಕಾಲು ಕಾಣುವಷ್ಟು ಮೇಲಕ್ಕೆಳೆದುಕೊಳ್ಳಿ. ಕಂಬಳಿಯಷ್ಟು ದಪ್ಪ ಬೇಡ, ಬೆವರಿ ಸಾಯ್ತೀರಿ. ಬಣ್ಣ ಬಿಳಿಯೋ ಕೆಂಪೋ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಕೆಂಪೇ ಬೇಕೆಂದರೆ ಮ್ಯಾಡರ್ ಬೇರಿನ ಕೆಂಪು ಹುಡುಕಿ, ಅದು ನಮ್ಮ ಮಂಜಿಷ್ಠದ ನೆಂಟ. ಇಟ್ಟಿಗೆಯಂಥ ಕೆಂಪು ಬರುತ್ತದೆ, ಕುಂಕುಮದಂಥದ್ದಲ್ಲ.

ಕವಚ. ಕಾಸು ಕರಗುವುದು ಇಲ್ಲೇ. ಕಲ್ಲಿನಲ್ಲಿ ಫಾಕಿಲಿಸ್‌ನ ಎದೆಭಾಗ ನುಣ್ಣಗಿದೆ. ಚರ್ಮ ಎನ್ನುವವರಿದ್ದಾರೆ. ಆಗಿನ ಸಮಾಧಿ ಕಲ್ಲುಗಳಿಗೆ ಬಣ್ಣ ಬಳಿಯುತ್ತಿದ್ದರು, ಕವಚ ಲೋಹದ ಉಂಗುರಗಳನ್ನು ಹೆಣೆದದ್ದೇ, ಆ ಉಂಗುರಗಳನ್ನು ಕುಂಚದಲ್ಲಿ ಬರೆದಿರಬಹುದು ಎನ್ನುವವರೂ ಇದ್ದಾರೆ. ನಾನು ಎರಡನೆಯವರ ಕಡೆ. ಕೊಳ್ಳುವಾಗ ಒಂದೊಂದು ಉಂಗುರವನ್ನೂ ಉಗುರಿನಿಂದ ಮುಟ್ಟಿ ನೋಡಿ. ರೋಮನ್ ಕವಚದಲ್ಲಿ ಒಂದು ಸಾಲು ಇಡೀ ಉಂಗುರ, ಮುಂದಿನ ಸಾಲು ರಿವೆಟ್ ಹೊಡೆದದ್ದು. ಅಗ್ಗದ್ದರಲ್ಲಿ ತಂತಿಯ ತುದಿಗಳನ್ನು ಸುಮ್ನೆ ಎದುರುಬದುರು ಒತ್ತಿರುತ್ತಾರೆ. ನಾನು ಮೊದಲು ತಂದದ್ದು ಅಂಥದ್ದೇ. ಬಗ್ಗಿ ಚಪ್ಪಲಿ ಕಟ್ಟುವಷ್ಟರಲ್ಲಿ ಕಂಕುಳಲ್ಲಿ ಅಂಗೈಯಗಲ ಬಾಯಿಬಿಟ್ಟಿತ್ತು.

ಕವಚ ಹತ್ತು ಕಿಲೋ ಆಸುಪಾಸು ತೂಗುತ್ತದೆ. ಒಳಗೆ ದಪ್ಪ ಹೊಲಿಗೆಯ ಅಂಗಿ ಇಲ್ಲದಿದ್ದರೆ ಸಂಜೆಗೆ ಹೆಗಲು ಕೆಂಪಾಗುತ್ತದೆ. ಸೊಂಟದ ಬೆಲ್ಟನ್ನು ಬಿಗಿಯಾಗಿ ಕಟ್ಟಿ, ಕವಚವನ್ನು ಅದರ ಮೇಲೆ ಸ್ವಲ್ಪ ಸಡಿಲ ಬಿಡಿ. ಅರ್ಧ ಭಾರ ಸೊಂಟಕ್ಕೆ ಇಳಿಯುತ್ತದೆ.

ಕತ್ತಿ ಎಡಕ್ಕೆ. ಸಾಮಾನ್ಯ ಸೈನಿಕನ ಕತ್ತಿ ಬಲಗಡೆ, ಸೆಂಚುರಿಯನ್‌ನದು ಎಡಗಡೆ. ಫಾಕಿಲಿಸ್‌ಗೂ ಎಡಕ್ಕೆ ಕತ್ತಿ, ಬಲಕ್ಕೆ ಬಾಕು. ಇದೊಂದು ತಪ್ಪಿದರೆ ತಿಳಿದವರು ದೂರದಿಂದಲೇ ನಗುತ್ತಾರೆ.

ಎದೆ ಮೇಲೆ ಪದಕ ತೂಗುಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಫಾಕಿಲಿಸ್ ಎದೆಯಲ್ಲಿ ಒಂದೂ ಇಲ್ಲ. ಪದಕ ಬೇಕೇ ಬೇಕೆಂದರೆ ಮನುಷ್ಯನನ್ನೇ ಬದಲಿಸಿ. ಕ್ರಿ.ಶ. 9ರಲ್ಲಿ ಜರ್ಮನಿಯ ಕಾಡಿನಲ್ಲಿ ರೋಮನ್ ಸೇನಾಪತಿ ವಾರಸ್‌ನ ಸೇನೆಯೊಂದಿಗೆ ಸತ್ತ ಸೆಂಚುರಿಯನ್ ಮಾರ್ಕಸ್ ಕೇಲಿಯಸ್‌ನ ಕಲ್ಲು ಬಾನ್ ನಗರದ ಮ್ಯೂಸಿಯಂನಲ್ಲಿದೆ. ಅವನ ಎದೆ ತುಂಬ ಪದಕ, ತಲೆಗೆ ಓಕ್ ಎಲೆಯ ಕಿರೀಟ.

ಹೆಲ್ಮೆಟ್. ಫಾಕಿಲಿಸ್ ಬರಿದಲೆಯಲ್ಲಿ ನಿಂತಿದ್ದಾನೆ, ಆದ್ದರಿಂದ ಇದೊಂದನ್ನು ಸಾಲ ತರಬೇಕು. ಆಸ್ಟ್ರಿಯಾದ ಕಾರ್ನುಂಟಮ್‌ನಲ್ಲಿ ಸಿಕ್ಕಿದ, ಕ್ಯಾಲಿಡಿಯಸ್ ಸೆವೆರಸ್ ಎಂಬ ಸೆಂಚುರಿಯನ್‌ನ ಕಲ್ಲಿನಲ್ಲಿ ಹೆಲ್ಮೆಟ್ ಇದೆ. ಅದರ ಜುಟ್ಟು ಹಣೆಯಿಂದ ಹಿಂದಕ್ಕಲ್ಲ, ಕಿವಿಯಿಂದ ಕಿವಿಗೆ ಅಡ್ಡಡ್ಡ. ಕುದುರೆ ಕೂದಲೇ ಹಾಕಿ, ನೈಲಾನ್ ಬಿಸಿಲಿಗೆ ಪೊರಕೆ ತರ ಹೊಳೆಯುತ್ತದೆ.

ಕೋಲು. ನನ್ನ ಪ್ರಕಾರ ಕತ್ತಿಗಿಂತ ಮುಖ್ಯವಾದದ್ದು ಇದು. ಫಾಕಿಲಿಸ್‌ನ ಬಲಗೈಯಲ್ಲಿರುವುದು ದ್ರಾಕ್ಷಿ ಬಳ್ಳಿಯ ಕೋಲು, ವಿಟಿಸ್. ಅಧಿಕಾರದ ಗುರುತೂ ಹೌದು, ಹೊಡೆಯುವುದಕ್ಕೂ ಆಯಿತು. ಲುಕಿಲಿಯಸ್ ಎಂಬ ಸೆಂಚುರಿಯನ್‌ಗೆ ಸೈನಿಕರು ಇಟ್ಟಿದ್ದ ಅಡ್ಡಹೆಸರು 'ಇನ್ನೊಂದು ತಾ'. ಬೆನ್ನ ಮೇಲೆ ಕೋಲು ಮುರಿದಾಗಲೆಲ್ಲ ಹಾಗೆ ಕೂಗುತ್ತಿದ್ದನಂತೆ. ಕ್ರಿ.ಶ. 14ರ ದಂಗೆಯಲ್ಲಿ ಅದೇ ಸೈನಿಕರು ಅವನನ್ನು ಕೊಂದರು ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ವಿಜಯಪುರದ ಕಡೆ ಪರಿಚಯದವರಿದ್ದರೆ, ಹಳೇ ತೋಟ ಕೀಳುವಾಗ ಹೆಬ್ಬೆರಳಿಗಿಂತ ದಪ್ಪದ, ಮೂರಡಿ ಬಳ್ಳಿ ಎತ್ತಿಟ್ಟುಕೊಳ್ಳಲು ಹೇಳಿ. ಹಲಗೆಗೆ ಕಟ್ಟಿ ನೆರಳಲ್ಲಿ ಒಣಗಿಸಿ, ಅಗಸೆ ಎಣ್ಣೆ ಹಚ್ಚಿ. ಗಂಟುಗಳನ್ನು ಪೂರ್ತಿ ಕೆತ್ತಬೇಡಿ.

ಕಾಲಿಗೆ. ಮೊಣಕಾಲಿನ ಕೆಳಗೆ ಲೋಹದ ಕಾಲ್ಗಾಪು, ಪಾದಕ್ಕೆ ಮೊಳೆ ಹೊಡೆದ ಅಟ್ಟೆ. ಮಣ್ಣಲ್ಲಿ ಈ ಮೊಳೆ ಚೆನ್ನಾಗಿ ಕಚ್ಚುತ್ತದೆ. ನುಣುಪು ಕಲ್ಲಿನ ಮೇಲೆ ಮಾತ್ರ ನಂಬಬೇಡಿ. ಕ್ರಿ.ಶ. 70ರಲ್ಲಿ ಜೆರುಸಲೇಮ್ ದೇವಾಲಯದ ಅಂಗಳದಲ್ಲಿ ಜೂಲಿಯಾನಸ್ ಎಂಬ ಸೆಂಚುರಿಯನ್ ಒಬ್ಬನೇ ಶತ್ರುಗಳನ್ನು ಅಟ್ಟಿಕೊಂಡು ಹೋದ. ಮೊಳೆ ಜಾರಿ ದೊಪ್ಪನೆ ಬಿದ್ದ. ಓಡುತ್ತಿದ್ದವರು ಸದ್ದಿಗೆ ತಿರುಗಿ ಬಂದು ಅವನನ್ನು ಕೊಂದರು ಎನ್ನುತ್ತಾನೆ ಆ ಕಾಲದ ಯಹೂದಿ ಇತಿಹಾಸಕಾರ ಜೋಸೆಫಸ್. ಗ್ರಾನೈಟ್ ಹಾಸಿದ ಸಭಾಂಗಣವಾದರೆ ವೇದಿಕೆವರೆಗೆ ಬರಿಗಾಲಲ್ಲಿ ಹೋಗಿ, ಅಲ್ಲಿ ಮ್ಯಾಟ್ ಮೇಲೆ ನಿಂತು ಕಟ್ಟಿಕೊಳ್ಳಿ.