ಬಳ್ಳಾರಿಯಲ್ಲಿ ಬಾಡಿಗೆಗೆಂದು ಮನೆ ಕೊಳ್ಳುವ ಮುನ್ನ

1981ರಿಂದ 1996ರ ನಡುವೆ ಹುಟ್ಟಿದ ತಲೆಮಾರು ಇಂದು ಸಂಸಾರ ಹೂಡಿ, ಮಕ್ಕಳಿಗೆ ಶಾಲೆ ಹುಡುಕುವ ವಯಸ್ಸಿನಲ್ಲಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ಕಡೆ ದುಡಿಯುವ ಇಂಥ ಕುಟುಂಬಗಳಿಗೆ ಬಾಡಿಗೆ ಕೊಡಲು ಮನೆ ಕೊಳ್ಳುವುದಾದರೆ, ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರಕ್ಕೆ ಮೇಲಿನ ಕೋಣೆಯಲ್ಲಿ ಹತ್ತು ನಿಮಿಷ ನಿಂತು ಸೆಕೆ ಎಷ್ಟೆಂದು ನೋಡಿ. ನಲ್ಲಿ ತಿರುಗಿಸಿ ಬೋರ್‌ವೆಲ್ ನೀರು ಉಪ್ಪೇ ಎಂದು ಬಾಯಿಗಿಟ್ಟು ಪರೀಕ್ಷಿಸಿ. ನನ್ನ ದೃಷ್ಟಿಯಲ್ಲಿ ಬಾಡಿಗೆದಾರರು ಉಳಿಯುವುದು ಇವೆರಡರ ಮೇಲೆಯೇ.

ಹೊಸ ಬಡಾವಣೆಯಾದರೆ, 500 ಚದರ ಮೀಟರ್ ಮೀರಿದ ಯೋಜನೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯವಾಗಿರುವುದರಿಂದ ಅದರ ಸಂಖ್ಯೆಯನ್ನು ಕೇಳಿ ಪಡೆಯಿರಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರವನ್ನೂ (ಆಸ್ತಿಯ ಮೇಲೆ ನೋಂದಾಯಿತ ಅಡಮಾನ, ವ್ಯವಹಾರಗಳನ್ನು ತೋರಿಸುವ ದಾಖಲೆ), ಸ್ಥಳೀಯ ಸಂಸ್ಥೆಯಲ್ಲಿ ಖಾತೆಯನ್ನೂ ತಾಳೆ ನೋಡದೆ, ಅಗ್ಗವೆಂಬ ಒಂದೇ ಕಾರಣಕ್ಕೆ ಕಂದಾಯ ನಿವೇಶನಕ್ಕೆ (ಭೂಪರಿವರ್ತನೆಯಾಗದ ಕೃಷಿ ಜಮೀನಿನಲ್ಲಿ ಮಾಡಿದ ನಿವೇಶನ) ದಯವಿಟ್ಟು ಮುಂಗಡ ಕೊಡಬೇಡಿ. ಮುದ್ರಾಂಕ ಶುಲ್ಕಕ್ಕೆ ಬೇರೆ ಹಣ ಕೂಡಿಟ್ಟಿರಿ.